ಬೀಗದ ಸಾಹೇಬರ ‘ನಮ್ಮವರು’

ಬೀಗದ ಸಾಹೇಬರನ್ನು ನಾನು ಮೊದಲು ಕಂಡಾಗ ಅವರು ನನ್ನದೇ ಮನೆಯ ಬಾಗಿಲಿಗೆ ಮಂಡಿಯೂರಿ, ಬೀಗದ ತೂತಿಗೆ ತಂತಿ ತೂರಿಸುತ್ತಿದ್ದರು. ಹಾಡಹಗಲು! ಕಳ್ಳನೆಂದೇ ತಿಳಿದು, ಕೈಲಿದ್ದ ಕೊಡೆಯನ್ನು ಕತ್ತಿಯಂತೆ ಹಿಡಿದು ಗದರಿದೆ: “ಯಾರಯ್ಯಾ ನೀನು?”

ಅವರು ತಿರುಗಿಯೂ ನೋಡಲಿಲ್ಲ. “ಮನೆಯವ್ರು ಕರೆಸಿದ್ದಾರೆ. ನೀವ್ಯಾರು?”

ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ನನ್ನ ಹೆಂಡತಿ ಕೂಗಿದಳು: “ಬಿಡಿ ಸಾಹೇಬ್ರೇ, ಅವರು ನಮ್ಮವರೇ.”

“ಕೀ ಕಳೆದಿದ್ದು ಯಾರು ಅಂದ್ರಿ ಅಮ್ಮಾ?”

“ಅದೂ ನಮ್ಮವರೇ.”

ಬೀಗ ಕಟಕ್ಕೆಂದು ತೆರೆಯಿತು. ಕೊಡೆ ಮತ್ತು ನನ್ನ ಗಾಂಭೀರ್ಯ ಎರಡೂ ಮೂಲೆ ಸೇರಿದವು.

ಅವರ ಅಂಗಡಿಯೆಂದರೆ ಬೀದಿಯ ತಿರುವಿನಲ್ಲೊಂದು ತಗಡಿನ ಪೆಟ್ಟಿಗೆ, ಕೀ ಉಜ್ಜುವ ನಾಲ್ಕಾರು ಅರಗಳು, ತಂತಿಗೆ ಪೋಣಿಸಿದ ಹಲ್ಲಿಲ್ಲದ ಕೀಗಳು. ಯಾವ ದೇವರ ಪಟವಿದ್ದ ಮನೆಯೇ ಆಗಲಿ, ಕಪಾಟು ಕೈಕೊಟ್ಟರೆ ಇವರಿಗೇ ಕರೆ. ಹೆಂಗಸರು ಇವರನ್ನು ಒಡವೆಯ ಕಪಾಟಿನ ಮುಂದೆ ಕೂರಿಸಿ, ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋಗಿಬಿಡುತ್ತಿದ್ದರು. ಮಸೀದಿಯ ಕಮಿಟಿ ಇವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದೂ ಅದಕ್ಕೇ. ಎರಡೂ ಕಡೆಯವರು ಬಾಗಿಲು ತೆರೆಯುವ ಮನುಷ್ಯ ಬೇರೆ ಯಾರಿದ್ದರು?

ಆಮೇಲೆ ಬೀದಿಯಲ್ಲಿ ಆ ಎರಡೂ ಕಡೆಯವರ ನಡುವೆ ಹೊಡೆದಾಟವಾಯಿತು. ಮೊದಲ ಕಲ್ಲು ಯಾರದೆಂದು ಇಂದಿಗೂ ತೀರ್ಮಾನವಾಗಿಲ್ಲ. ಹಣ್ಣು ಮಾರುವವನ ಒಂದು ಕಣ್ಣು ಹೋದದ್ದು ಮಾತ್ರ ಖಚಿತ. ಗಾಯಕ್ಕೆ ಮುಲಾಮಿನಂತೆ ಪುರಭವನದಲ್ಲಿ ಸರ್ವಧರ್ಮ ಸಂವಾದ ಏರ್ಪಟ್ಟಿತು. ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಪ್ರೊಫೆಸರರು, ಪರರ ಮಾತಿಗೆ ಕಿವಿಗೊಡುವುದರ ಮಹತ್ವವನ್ನು ಯಾರಿಗೂ ಮೈಕು ಬಿಟ್ಟುಕೊಡದೆ ವಿವರಿಸಿದರು. ಕೊನೆಗೆ ಸಾಹೇಬರ ಸರದಿ. ಎದ್ದರು, “ತಪ್ಪು ನಮ್ಮವರದೇ. ಕ್ಷಮಿಸ್ಬೇಕು” ಎಂದರು, ಕೂತರು.

ಊರಿಗೆ ಅಗಿಯಲು ಅಷ್ಟು ಸಾಕಾಯಿತು. ‘ತಪ್ಪೊಪ್ಪಿಕೊಂಡ ಮುಖಂಡ’ ಎಂದು ಒಂದು ಪತ್ರಿಕೆ ಬರೆಯಿತು. ಇನ್ನೊಂದು, ‘ಮೊಸಳೆ ಕಣ್ಣೀರು’. ಹೊರಗೊಂದು, ಒಳಗೊಂದು ಎಂದರು ಕೆಲವರು. ನಮ್ಮನ್ನು ಮಾರಿಕೊಂಡ ಎಂದರು ಮಸೀದಿಯವರು. ಒಂದು ಹನಿ ನೀರೂ ಹಾಕದವನ ಕಣ್ಣೀರನ್ನು ಊರೆಲ್ಲ ಅಳೆಯಿತು.

ಅವರ ಹೆಂಡತಿಯ ತಮ್ಮ ಮನೆಗೇ ಬಂದ. “ಭಾವ, ನಮ್ಮ ಹುಡುಗ್ರು ಇನ್ನೂ ಸ್ಟೇಷನ್ನಲ್ಲಿದ್ದಾರೆ. ತಪ್ಪು ನಮ್ದೇ ಅಂತ ನೀವೇ ಬರ್ಕೊಟ್ಟ ಹಾಗಾಯ್ತಲ್ಲ?”

“ನಮ್ಮವರು ಅಂದೆ ಕಣೋ.”

“ಅಂದ್ರೆ ನಾವು ತಾನೇ?”

ಸಾಹೇಬರು ಗೋಡೆಗೊರಗಿದರು. ಒಳಗಿನಿಂದ ಹೆಂಡತಿ, “ತಪ್ಪು ನಮ್ಮವರದೇ ಬಿಡೋ” ಎಂದರು.

“ನೀನೂ ಶುರು ಮಾಡಿದ್ಯಾ ಅಕ್ಕಾ? ಯಾವ ನಮ್ಮವರು?”

“ಇಗೋ, ಗೋಡೆಗೊರಗಿ ಕೂತಿದ್ದಾರಲ್ಲ, ಇವರು. ಕೀ ಮಾಡೋ ಕೈಗೆ ಮೈಕ್ ಯಾಕೆ ಬೇಕಿತ್ತು?”

ಭಾವಮೈದ ನಗಲಿಲ್ಲ. ಊಟಕ್ಕೂ ನಿಲ್ಲಲಿಲ್ಲ. ಕಮಿಟಿಗೆ ಬೇರೆ ಅಧ್ಯಕ್ಷರು ಬಂದರು.

ನಮ್ಮ ಪಕ್ಕದ ಮನೆಯವರು ಕಪಾಟು ತೆಗೆಸಲು ಸಾಹೇಬರನ್ನು ಕರೆಸಿದರು, ನಿಜ. ಆದರೆ ಈ ಸಲ ಒಲೆಯ ಮೇಲೆ ಹಾಲಿರಲಿಲ್ಲ. ಮನೆ ಮಂದಿಯೆಲ್ಲ ಅವರ ಬೆನ್ನ ಹಿಂದೆ ಸಾಲಾಗಿ ನಿಂತಿದ್ದರು. ಮರುದಿನ ಹೊಸ ಬೀಗ ಬಂತು. ಬೀದಿಯಲ್ಲಿ ಅದೇ ಮೇಲ್ಪಂಕ್ತಿಯಾಯಿತು. ನಾನು ಹೋಗಿ ನೋಡಿದಾಗ ಪೋಣಿಸಿದ ಕೀಗಳು ಕಂದುಗಟ್ಟಿದ್ದವು.

“ಕೆಲಸ ಹೇಗಿದೆ ಸಾಹೇಬ್ರೇ?”

“ಈಗ ಯಾರೂ ಬೀಗ ತೆಗೆಸಲ್ಲ ಸ್ವಾಮಿ, ಬದಲಾಯಿಸ್ತಾರೆ.”

“ಒಂದು ಮಾತು ಬಿಡಿಸಿ ಹೇಳಿಬಿಡಬಾರದೇ?”

“ಬಿಡಿಸಿದ್ರೆ ಯಾರನ್ನಾದ್ರೂ ಬಿಡಬೇಕಲ್ಲ.”

ಪ್ರೊಫೆಸರರು ಬಿಡುವ ಜಾತಿಯಲ್ಲ. ಸಾಹೇಬರ ಪ್ರಾಮಾಣಿಕತೆಯನ್ನು ಪರಿಶೀಲಿಸಲೆಂದೇ ಇನ್ನೊಂದು ಸಂವಾದ ಕರೆದರು. ಈ ಸಲ ಪುರಭವನ ಭರ್ತಿ. ಕ್ಷಮೆಗೆ ಬರದವರೂ ವಿಚಾರಣೆಗೆ ಬಂದಿದ್ದರು. ಒಂದು ಬದಿಯಲ್ಲಿ ಭಾವಮೈದ, ಇನ್ನೊಂದು ಬದಿಯಲ್ಲಿ ಹೊಸ ಬೀಗ ಹಾಕಿಸಿದ ನಮ್ಮ ಪಕ್ಕದ ಮನೆಯವರು. ಪ್ರೊಫೆಸರರು ಕನ್ನಡಕ ಒರೆಸಿ, ಗಂಟಲು ಸರಿಮಾಡಿ, ಕೊನೆಗೂ ಮೈಕನ್ನು ಸಾಹೇಬರತ್ತ ಚಾಚಿದರು.

“ಗೊಂದಲ ಬೇಡ. ಈ ಸಭೆಯಲ್ಲಿ ನಿಮ್ಮ ‘ನಮ್ಮವರು’ ಯಾರ್ಯಾರು? ಬೆರಳು ಮಾಡಿ ತೋರಿಸಿಬಿಡಿ, ನೋಡೋಣ.”

ಸಾಹೇಬರು ಸಭೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದರು. ಬೆರಳು ಎತ್ತಲಿಲ್ಲ.

“ಮೊನ್ನೆವರೆಗೂ ನೀವೂ ಇದ್ರಿ ಸಾರ್.”