ನೀರುಗಂಟಿಯ ಮನೆವ್ಯಾನು

ಊರಿಗೆಲ್ಲ ನೀರು ಬಿಟ್ಟು ನಿವೃತ್ತನಾದ ನೀರುಗಂಟಿ, ಒಲೆ, ಹಾಸಿಗೆ, ಬಚ್ಚಲು ಎಲ್ಲ ಇರುವ ವ್ಯಾನು ಕೊಂಡು ಹೆಂಡತಿಯೊಡನೆ ದೇಶ ಸುತ್ತಲು ಹೊರಟ. ಹೊರಟನೇನೋ ಸರಿ, ಹುಟ್ಟುಗುಣ ಸುಟ್ಟರೂ ಹೋದೀತೇ? ಟ್ಯಾಂಕು ತುಂಬಿಸಲು ಮುಂದಿನ ನಲ್ಲಿ ಎಲ್ಲಿ ಸಿಗುತ್ತದೋ ಎಂದು ಬೆಳಿಗ್ಗೆ ಅರ್ಧ ಗಂಟೆ ನೀರು ಬಿಟ್ಟು, ಸೀಟಿನಡಿಯ ವಾಲ್ವು ತಿರುಗಿಸಿ ನಿಲ್ಲಿಸಿಬಿಡುತ್ತಿದ್ದ. ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಕೂಗಾಡಿದರೆ, ಹಿಂದೆ ಬೀದಿಯ ಹೆಂಗಸರಿಗೆ ಕೊಡುತ್ತಿದ್ದ ಉತ್ತರವೇ ಅವಳಿಗೂ: "ಟೈಮ್ ಆಯ್ತು, ಇನ್ನು ನಾಳೆ!"

ಒಂದು ದಿನ ಅವನು ಏಳುವುದೇ ತಡವಾಯಿತು. ಮೈತುಂಬ ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ಹಾಡುತ್ತಿದ್ದಾಗ ನಲ್ಲಿ ಗೊರ್ ಗೊರ್ ಎಂದು ನಿಂತಿತು.

"ಏನೇ, ಟ್ಯಾಂಕು ಖಾಲಿಯಾಯ್ತಾ?"

"ಬೇಕಾದಷ್ಟಿದೆ ರೀ," ಎಂದಳು ಹೆಂಡತಿ, ವಾಲ್ವಿನ ಮೇಲೆ ಕೈಯಿಟ್ಟುಕೊಂಡು. "ಟೈಮ್ ಆಯ್ತು, ಇನ್ನು ನಾಳೆ!"