ಅಕ್ಕನ ಒಪ್ಪತ್ತು

ಮೊನ್ನೆ ಗುಂಡ್ಲುಪೇಟೆಯಿಂದ ಭೀಮನಬೀಡಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಅರಿಸಿನ ಬೇಯಿಸುವ ವಾಸನೆ ಬಂತು. ಕಿಟಕಿ ಮುಚ್ಚಿದೆ. ಮತ್ತೆ ತೆರೆದೆ. ಪಕ್ಕದಲ್ಲಿದ್ದಾಕೆ, "ಯಾಕಮ್ಮ, ವಾಂತಿ ಬತ್ತದಾ?" ಎಂದರು. ವಾಂತಿಯಲ್ಲ, ಪಕ್ಕದ ಮನೆಯ ಅಕ್ಕ ನೆನಪಾಗಿದ್ದಳು.

ತೊಂಬತ್ತರ ದಶಕದ ಮಾತು. ನಾನು ಹೈಸ್ಕೂಲು, ಅಕ್ಕ ಪಿಯುಸಿ. ಅವರದು ಅರಿಸಿನ ಬೆಳೆಯುವ, ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆ. ಮೊದಲು ಸೋಮವಾರ ಮಾತ್ರ ಒಂದೇ ಹೊತ್ತು ಉಣ್ಣುವ ಒಪ್ಪತ್ತು ಹಿಡಿದಳು. ಆಮೇಲೆ ಗುರುವಾರವೂ... ಆಮೇಲೆ ಯಾವ ವಾರ ಉಣ್ಣುತ್ತಿದ್ದಳೋ ಗೊತ್ತಿಲ್ಲ. ಮೂಳೆ ಎದ್ದು ಕಾಣುತ್ತಿದ್ದರೂ ಕನ್ನಡಿ ಮುಂದೆ ನಿಂತು, "ದಪ್ಪ ಆಗ್ಬುಟ್ಟೆ ಕಣಮ್ಮಿ" ಎನ್ನುತ್ತಿದ್ದಳು. ಅವಳಿಗೆ ನಿಜವಾಗಿಯೂ ಭಯವಾಗುತ್ತಿತ್ತು.

ಮನೆಯವರಿಗೆ ಅದು ಭಕ್ತಿ. ಅವಳಜ್ಜಿ ಬೀದಿಗೆಲ್ಲ ಹೇಳಿಕೊಂಡು ಹಿಗ್ಗಿದರು. ಹೆಂಗಸರು ಹಣ್ಣು ತಂದಿಟ್ಟು ಅವಳಿಗೆ ಕೈಮುಗಿದರು! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾಲೇಜಿನಲ್ಲಿ ತಲೆಸುತ್ತಿ ಬಿದ್ದ ಮೇಲೆ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಇದು ವ್ರತವೂ ಅಲ್ಲ, ಹಟವೂ ಅಲ್ಲ, ಕಾಯಿಲೆ ಎಂದರಂತೆ ಅಲ್ಲಿನ ಡಾಕ್ಟರಮ್ಮ. ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ಊಟ, ಆಗಾಗ ರಕ್ತಪರೀಕ್ಷೆ, ದಿನವೂ ಕೂರಿಸಿಕೊಂಡು ಮಾತು. ಬೈಯದೆ, ಗೋಗರೆಯದೆ, ಪಕ್ಕದಲ್ಲಿ ಕೂತು ಉಣ್ಣಿಸುವುದನ್ನು ಅವಳಮ್ಮನಿಗೂ ಕಲಿಸಿದರು. ವಾಪಸು ಬಂದಾಗ ಕೆನ್ನೆ ತುಂಬುತ್ತಿತ್ತು. ನನ್ನ ಜೊತೆ ಜಗಲಿಯಲ್ಲಿ ಕೂತು ಮುದ್ದೆ, ಉಪ್ಸಾರು ಉಂಡಳು. ತುತ್ತು ತುತ್ತಿಗೂ ನಿಲ್ಲಿಸುತ್ತಿದ್ದಳು, ಆದರೂ ಉಂಡಳು. ಪೂರ್ತಿ ವಾಸಿಯಾಗಲು ಇನ್ನೂ ಬಹಳ ಕಾಲ ಬೇಕು, ಉಪವಾಸ ಮಾತ್ರ ಕೂಡದು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು.

ಶಿವರಾತ್ರಿ ಬಂತು. ಅವರ ಕಣದಲ್ಲಿ ಅರಿಸಿನ ಬೇಯುತ್ತಿತ್ತು. "ಒಂದಿನ ತಾನೆ ಕಣವ್ವ, ಸಿವ ನೋಡ್ಕತಾನೆ" ಎಂದರು ಅಜ್ಜಿ. ಅವಳಮ್ಮ ಮಗಳಿಗೆಂದು ಒಲೆಗಿಟ್ಟಿದ್ದ ಅನ್ನದ ಪಾತ್ರೆ ಇಳಿಸಿಟ್ಟರು. ಶಿವನ ಹೆಸರೆತ್ತಿದ ಮೇಲೆ ಎದುರಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಉಪವಾಸ ಮುಗಿಸಿ ಮರುದಿನ ಅಕ್ಕ ಎಲೆ ಮುಂದೆ ಕೂತಳು, ಉಣ್ಣಲಾಗಲಿಲ್ಲ. "ಗಂಟ್ಲಲ್ಲಿ ಇಳೀತಿಲ್ಲ ಕಣಮ್ಮಿ" ಎಂದು ನನ್ನ ಕೈ ಹಿಡಿದುಕೊಂಡಳು. ಹಳೆಯ ಭಯ ಮರಳಿತ್ತು. ಮತ್ತೆ ಮೈಸೂರಿಗೆ ಹೊರಡುವ ಮಾತು ನಡೆಯುತ್ತಲೇ ಇತ್ತು... ಯುಗಾದಿಗೆ ಮುಂಚೆಯೇ ಅವಳ ಹೃದಯ ನಿಂತುಹೋಯಿತು.

"ಪುಣ್ಯವಂತೆ, ಸಿವನ ಪಾದ ಸೇರ್ಕಂಡ್ಳು" ಎನ್ನುತ್ತಾರೆ ಊರಿನವರು, ಈಗಲೂ. ಅವಳಿಗೆ ಬದುಕುವ ಆಸೆಯಿತ್ತು ಎಂದು ಒಬ್ಬರೂ ಅನ್ನುವುದಿಲ್ಲ.

ಶಿವರಾತ್ರಿಯ ದಿನ ನಾನು ಅನ್ನ ಮಾಡಿ ಹೊಟ್ಟೆ ತುಂಬ ಉಣ್ಣುತ್ತೇನೆ. ಅತ್ತೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಶಿವನಿಗೆ ಕೋಪ ಬಂದರೆ ಬರಲಿ. ನನಗೂ ಅವನ ಮೇಲೆ ಕೋಪವಿದೆ.