ಅಟ್ಟದ ಕೆಳಗಿನ ಮೊಗೆಕಾಯಿ

ಅಣೆಕಟ್ಟಿನ ನೀರು ಏರುವ ಮೊದಲು ಊರು ಬಿಟ್ಟಾಗ ನಮ್ಮತ್ತೆ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದಿದ್ದು ಮೂರು ಮೊಗೆಕಾಯಿ. ತಾಮ್ರದ ಹಂಡೆ ಹಿಂದಿನಿಂದ ಲಾರಿಯಲ್ಲಿ ಬಂತು. ಲಾರಿಯನ್ನು ನಂಬಿ ಮೊಗೆಕಾಯಿ ಕಳಿಸುವ ಪೈಕಿ ಅವರಲ್ಲ. ಹುಳಿಗೆ ಹಾಕುವ ಈ ದಪ್ಪ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದರೆ ಮುಂದಿನ ಮಳೆಗಾಲದವರೆಗೂ ಕೆಡುವುದಿಲ್ಲ.

ನನ್ನ ಗಂಡನಿಗೆ ಸಾಗರದಲ್ಲಿ ಕೆಲಸ. ಪೇಟೆಯ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ. ಹಿತ್ತಿಲೆಂದರೆ ನಾಲ್ಕು ಸೀರೆ ಒಣಗಿಸುವಷ್ಟು ಜಾಗ. ಅತ್ತೆ ಅದರಲ್ಲೇ ಬಚ್ಚಲ ನೀರಿಗೆ ಬಾಳೆ, ಬೇಲಿಗೆ ತೊಂಡೆ, ಬಾವಿಕಟ್ಟೆಯ ಹತ್ತಿರ ಬಸಳೆ, ಉಳಿದ ಕಡೆಗೆಲ್ಲ ಮೊಗೆಬಳ್ಳಿ ಹಬ್ಬಿಸಿದರು. ಗಂಡ ಒಮ್ಮೆ ಆಫೀಸಿನಿಂದ ಎಲೆಕೋಸಿನ ಬೀಜ ತಂದರು. ಹುಳುಗಳಿಗೆ ಬಹಳ ಇಷ್ಟವಾಯಿತು.

ದೀಪಾವಳಿ ಬಂತು. ನಮ್ಮ ಕಡೆ ದೀಪಾವಳಿ ಶುರುವಾಗುವ ಬೂರೆ ಹಬ್ಬದ ರಾತ್ರಿ ಒಬ್ಬರ ಹಿತ್ತಿಲಿನ ಸೌತೆ, ತೆಂಗು ಇನ್ನೊಬ್ಬರು ಕದಿಯುವ ಪದ್ಧತಿ. ಕಳೆದುಕೊಂಡವರು ಬೈಯುವಂತಿಲ್ಲ. ಮೊದಲ ವರ್ಷ ಅತ್ತೆ ಬೆಳಗ್ಗೆ ಎದ್ದು ನೋಡಿದರೆ ಎಲ್ಲ ಕಾಯಿಯೂ ಇದ್ದಲ್ಲೇ ಇತ್ತು.

"ಕದಿಯೋರಿಗೂ ಗತಿ ಇಲ್ಲ ಇಲ್ಲಿ. ಇದೂ ಒಂದು ಊರು!" ಎಂದರು. ಆ ದಿನವಿಡೀ ಅವರ ಮುಖ ಸರಿಯಿರಲಿಲ್ಲ.

ಎರಡನೇ ವರ್ಷ ಬಳ್ಳಿ ಚೆನ್ನಾಗಿ ಬರಲಿಲ್ಲ. ಎರಡೇ ಕಾಯಿ ಬಲಿತವು. ಬೂರೆ ಹಬ್ಬದ ಬೆಳಗ್ಗೆ ಬೇಲಿಯ ಪಕ್ಕದ್ದು ಮಾಯವಾಗಿತ್ತು. ಅತ್ತೆ ಒಳಗೆ ಬಂದು, "ಹೋಯ್ತು ಕಣೆ ಒಂದು" ಎಂದರು. ಬೈಯಲಿಲ್ಲ. ಎರಡು ಲೋಟ ಕಾಫಿ ಕುಡಿದರು. ಉಳಿದ ಒಂದಕ್ಕೆ ಸುಣ್ಣದ ಬೊಟ್ಟಿಟ್ಟು ಅಡುಗೆಮನೆಯ ಅಟ್ಟದ ಕೆಳಗೆ ತೂಗುಹಾಕಿದರು.

ನನ್ನ ತವರು ತೀರ್ಥಹಳ್ಳಿ. ಅಲ್ಲಿ ಸುಣ್ಣದ ಬೊಟ್ಟಿಡುವುದು ದೃಷ್ಟಿಯಾಗದಿರಲಿ ಎಂದು. ಬೀಜವನ್ನಾದರೆ ಸಗಣಿ, ಬೂದಿಯಲ್ಲಿ ಕಲಸಿ ಗೋಡೆಗೆ ಬಡಿದಿಡುತ್ತೇವೆ. ಅತ್ತೆಯ ಊರಿನಲ್ಲಿ ಆ ಬೊಟ್ಟಿಗೆ ಇದು ಬೀಜದ ಕಾಯಿ, ಮುಟ್ಟಬೇಡ ಎಂದು ಅರ್ಥ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿರುವ ಸಂಗತಿ ಎಂದುಕೊಂಡಿದ್ದೆವು.

ಬೇಸಿಗೆಯಲ್ಲಿ ಒಂದು ದಿನ ಅತ್ತೆ ವರದಹಳ್ಳಿಯ ಆಶ್ರಮಕ್ಕೆ ಹೋಗಿದ್ದಾಗ ಗಂಡನ ಸಾಹೇಬರು ಊಟಕ್ಕೆ ಬಂದುಬಿಟ್ಟರು. ಸಂತೆಗೆ ಇನ್ನೂ ಮೂರು ದಿನವಿತ್ತು. ನಾನು ಮೊಗೆಕಾಯಿ ಇಳಿಸಿ, ಬೊಟ್ಟನ್ನು ತೊಳೆದು, ಹುಳಿ ಮಾಡಿದೆ. ತಿರುಳು, ಬೀಜ ಎಲ್ಲ ಕಲಗಚ್ಚಿಗೆ ಸೇರಿ ಹಾಲಿನವಳ ಎಮ್ಮೆಯ ಹೊಟ್ಟೆಗೆ ಹೋಯಿತು. ಸಾಹೇಬರು ಹುಳಿಯನ್ನು ಬಹಳ ಹೊಗಳಿದರು.

ಸಂಜೆ ಅತ್ತೆ ಬಂದು, ಖಾಲಿ ಬಾಳೆನಾರನ್ನು ನೋಡಿದರು.

"ಬೀಜ ಎಲ್ಲಿಟ್ಟೆ?"

ಹೇಳಿದೆ. ಅವರು ಬಾಳೆನಾರನ್ನು ಬಿಚ್ಚಿ ಸುತ್ತಿಟ್ಟು, "ಹುಳಿ ಉಳಿದಿದ್ಯಾ?" ಎಂದರು. ಬಡಿಸಿದೆ. ಎರಡು ಸಲ ಹಾಕಿಸಿಕೊಂಡು, ಬಾಳೆಲೆಯ ಮೇಲೆ ಒಂದು ಹೋಳೂ ಬಿಡದೆ ಉಂಡರು. ನನಗೆ ಅಳು ಬಂತು.

"ಅಳಬೇಡ. ಊರಿದ್ದಿದ್ರೆ ಯಾರ ಮನೇಲಾದ್ರೂ ಕೇಳಿ ತರ್ತಿದ್ದೆ. ಈಗ ಮೀನಿನ ಹತ್ರ ಕೇಳ್ಬೇಕಷ್ಟೆ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಬಟ್ಟೆ ಹರವುತ್ತಾ ಬೇಲಿಯಾಚೆಯ ಮನೆಯಾಕೆಗೆ ಇದನ್ನೆಲ್ಲ ಹೇಳಿಕೊಂಡೆ. ಹೊಸನಗರದ ಕಡೆಯವರು. ಆಕೆಯ ಗಂಡ ಕೋರ್ಟಿನಲ್ಲಿ ಗುಮಾಸ್ತರು. ಆಕೆಯ ಮುಖ ಬಿಳಿಚಿಕೊಂಡಿತು. ಒಳಗೆ ಹೋಗಿ ಗೋಡೆಯಿಂದ ಕಿತ್ತ ಒಂದು ಒಣ ಸಗಣಿ ಬಿಲ್ಲೆ ತಂದರು. ಅದರ ತುಂಬ ಬೀಜ.

"ಬೂರೆ ಹಬ್ಬದ ದಿನ ನಾನೇ ತಗೊಂಡಿದ್ದು. ಇಲ್ಲಿಗೆ ಬಂದ್ಮೇಲೆ ಹಬ್ಬ ಹಬ್ಬದ ಹಾಗೇ ಅನ್ನಿಸ್ತಿರ್ಲಿಲ್ಲ ನೋಡಿ. ನಮ್ಮನೆಯವ್ರಿಗೆ ಹೇಳ್ದೆ, ಕೋರ್ಟಲ್ಲಿ ಕೆಲಸ ಮಾಡೋನು ಕದಿಯಕ್ಕಾಗಲ್ಲ ಅಂದ್ರು. ನಾನೇ ಬೇಲಿ ಹಾರ್ದೆ."

ಒಂಬತ್ತು ಗಜದ ಸೀರೆಯಲ್ಲಿ ಆಕೆ ಬೇಲಿ ಹಾರಿದ್ದು ಹೇಗೆಂದು ನಾನು ಕೇಳಲಿಲ್ಲ. ಬಿಲ್ಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿಬಂದು, ಎಲ್ಲ ಹೇಳಿ ಅತ್ತೆಯ ಕೈಗಿಟ್ಟೆ.

ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಂದು ಬೀಜ ಬಿಡಿಸಿ ಅಂಗೈಯಲ್ಲಿ ಉಜ್ಜಿ ಬೆಳಕಿಗೆ ಹಿಡಿದರು. ಆಮೇಲೆ, "ಬೂದಿ ಕಡಿಮೆ ಹಾಕಿದಾಳೆ" ಎಂದರು. ಬಿಲ್ಲೆಯನ್ನು ಒಯ್ದು ದೇವರ ಮುಂದಿಟ್ಟರು.

ಮೊದಲ ಮಳೆಗೆ ಬೀಜ ಹಾಕಿದೆವು. ಒಂದೂ ಹುಸಿಹೋಗಲಿಲ್ಲ. ಆ ಸಲ ಬೂರೆ ಹಬ್ಬದ ಸಂಜೆ ಅತ್ತೆ ಎಲ್ಲಕ್ಕಿಂತ ದೊಡ್ಡ ಕಾಯಿಗೆ ಸುಣ್ಣದ ಬೊಟ್ಟಿಟ್ಟು ಬೇಲಿಯ ಬುಡದಲ್ಲಿಟ್ಟು ಬಂದರು.

"ಎರಡು ಗೂಟ ಕಿತ್ತಿಡು. ಆಚೆಮನೆಯವಳು ಈಗ ಆರು ತಿಂಗಳ ಬಸುರಿ. ಬೇಲಿ ಹಾರೋದು ಬೇಡ" ಎಂದರು.

ಕಿತ್ತಿಟ್ಟೆ. ಆ ಗೂಟಗಳನ್ನು ಮತ್ತೆ ಹುಗಿಯಲು ಅತ್ತೆ ಯಾವತ್ತೂ ಹೇಳಲಿಲ್ಲ.